ಡಾಟ್ ಕಾಮ್‌ನ ಸೋದರತ್ತೆ

ಬೆನ್ನು ಇನ್ನೂ ಉರಿಯುತ್ತಿದೆ, ಗೆಳೆಯರೇ. ಡೊಮೇನ್ ದಲ್ಲಾಳಿಯಾಗಿ ಇವತ್ತು ನನ್ನ ಮೊದಲ ವ್ಯಾಪಾರ. ಮೂಡಲಗಿಯ ಬಟ್ಟೆ ಅಂಗಡಿಯೊಂದರ ಹೆಸರಿಗೆ ಡಾಟ್ ಕಾಮ್ ಸೇರಿಸಿ ನಾನೇ ನೋಂದಾಯಿಸಿಕೊಂಡು, ಅದನ್ನು ಅಂಗಡಿಯವರಿಗೇ ಮಾರಲು ಹೋಗಿದ್ದೆ.

"ನಮ್ಮ ಹೆಸರು ನಮಗ ಮಾರ್ತೀರೇನ್ರಿ?" ಸಾವಕಾರರು ಕೆರಳಿದರು.

"ಇಂಟರ್ನೆಟ್‌ನ್ಯಾಗ ನಿಮ್ಮ ಅಂಗಡಿ ಈಗ ಹುಟ್ಟೇತ್ರಿ. ಹೆಸರು ನಾ ಇಟ್ಟೇನಿ," ಎಂದೆ.

ಗಾದಿಯ ಮೇಲಿದ್ದ ಅವರ ತಾಯಿ ಎದ್ದುಬಂದರು. "ಹೆಸರಿಟ್ಟಿ ಅಂದ್ರ ನೀ ಅತ್ತಿ ಆದಿ, ತಮ್ಮಾ. ಬಗ್ಗು!"

ನಾಮಕರಣದ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಸೋದರತ್ತೆಗೆ ಬೀಳುವ ಗುದ್ದುಗಳೆಲ್ಲ ನನ್ನ ಬೆನ್ನಿಗೆ ಬಿದ್ದವು. ಗಿರಾಕಿಗಳೂ ಕೈಜೋಡಿಸಿದರು. ಕೊನೆಗೆ ಅಜ್ಜಿ ಉಡುಗೊರೆಯೆಂದು ರವಿಕೆಗಾಗುವ ಹಸಿರು ಜಂಪರ್ ಪೀಸ್ ಕೈಗಿಟ್ಟು, "ಅತ್ತಿಗೆ ಆಯೇರಿ ಮುಟ್ಟಿತು. ಇನ್ನ ಹೆಸರು ಕೂಸಿಂದು," ಎಂದರು. ಹೆಸರನ್ನು ಪುಕ್ಕಟೆ ಬಿಟ್ಟುಕೊಟ್ಟು ಬಂದೆ.

ಮನೆಯಲ್ಲಿ ಹೆಂಡತಿ ಬಟ್ಟೆ ಸವರಿ ನೋಡಿದಳು. "ಛಲೋ ಐತ್ರಿ. ನಾಳೆ ಹುಕ್ಕೇರಿ ಸೀರಿ ಅಂಗಡಿಗೊಂದು ಹೆಸರಿಡ್ರಿ."