ಬಳೆಗಾರ ಶರಣಪ್ಪ ಕೊಲೆಗಾರನಾದ ಸಿನಿಮಾ

ಕೊರೊನಾ ಮುಗಿದ ಮರುವರ್ಷ ಅಫಜಲಪುರ ತಾಲೂಕಿನಲ್ಲಿ ಚಿತ್ರೀಕರಣವಾದ ಒಂದು ಸೈಕಲಾಜಿಕಲ್ ಥ್ರಿಲ್ಲರ್‌ಗೆ ನಾನು ಮೇಕಪ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಹೆಣಕ್ಕೆ ಬಣ್ಣ ಹಚ್ಚುವುದೇ ಇವಳ ಹೊಟ್ಟೆಪಾಡು ಎಂದು ಮನೆಯವರು ಗೇಲಿ ಮಾಡುತ್ತಿದ್ದರು. ಕತೆ ಸಣ್ಣ ಊರಿನ ಸೀರಿಯಲ್ ಕಿಲ್ಲರ್‌ನದು. ಅವನು ಬಳೆಗಾರ, ಬಳೆ ತೊಡಿಸುವ ನೆಪದಲ್ಲಿ ಹಿಡಿದ ಕೈ ಬಿಡುವುದಿಲ್ಲ. ಸತ್ತವರ ಮಣಿಕಟ್ಟಿನ ಮೇಲೆ ಬ್ರೂಸ್ ಎಫೆಕ್ಟ್, ಎಂದರೆ ಹಿಸುಕಿದಲ್ಲಿ ರಕ್ತ ಹೆಪ್ಪುಗಟ್ಟಿದಂತೆ ಕಾಣುವ ಬಣ್ಣ, ನನ್ನ ಕೆಲಸ.

ಬೆಂಗಳೂರಿನಿಂದ ಬಂದ ನಟನಿಗೆ ಬಳೆ ತೊಡಿಸಲು ಬರಲಿಲ್ಲ. ಬೇಸತ್ತ ನಿರ್ದೇಶಕರು ಕರಜಗಿ, ಮಣ್ಣೂರ ಸುತ್ತ ಬಳೆ ಮಾರುತ್ತಿದ್ದ ಶರಣಪ್ಪನನ್ನೇ ಆ ಪಾತ್ರಕ್ಕೆ ಹಾಕಿಕೊಂಡರು. ಅರವತ್ತರ ಹತ್ತಿರದ ಮನುಷ್ಯ. ಬೆರಳು ಕೂಡಿಸಿ, ಗೆಣ್ಣು ಒತ್ತಿ, ಗಾಜಿನ ಬಳೆಯನ್ನು ಒಡೆಯದೆ ಏರಿಸುತ್ತಿದ್ದ. ಆ ಸೀಮೆಯಲ್ಲಿ ಪರ ಗಂಡಸು ಹೆಣ್ಣಿನ ಕೈ ಹಿಡಿಯಬಹುದಾದರೆ ಅವನು ಬಳೆಗಾರನಷ್ಟೇ. ಹೊಸ ಸೊಸೆಯರೂ ತನಗೆ ಕೈ ಚಾಚುತ್ತಾರೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಅವನದೇ ಬಳೆ, ಅವನದೇ ಊರು, ಅವನದೇ ಮುಖ. ನಮಗೆಲ್ಲ ಅದೇ ದೊಡ್ಡ ಖುಷಿ.

ಸಿನಿಮಾ ಬಂದು ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ಕೆಲವು ತಿಂಗಳ ಮೇಲೆ ಶರಣಪ್ಪ ಫೋನ್ ಮಾಡಿದ. ತಾನು ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ ಎಂದ. ಸ್ವಂತ ಮಗಳ ಸೀಮಂತಕ್ಕೇ ಬೀಗರು ಬೇರೆ ಬಳೆಗಾರನನ್ನು ಕರೆಸಿದ್ದರಂತೆ.

"ಅದು ಬರೇ ಬಣ್ಣ ಅಂತ ನೀವು ಬಂದು ಒಂದು ಮಾತು ಹೇಳ್ರಿ, ಅಕ್ಕಾರ. ನಿಮ್ಮ ಮಾತು ಕೇಳ್ತಾರ."

ಹೋದೆ. ಕರಜಗಿಯ ಒಂದು ಮನೆಯ ಪಡಸಾಲೆಯಲ್ಲಿ ಹೆಂಗಸರನ್ನು ಸೇರಿಸಿದ್ದ. ನನ್ನ ಮಣಿಕಟ್ಟಿಗೇ ನೇರಳೆ, ಕಪ್ಪು, ಹಳದಿ ಹಚ್ಚಿ ಗಾಯ ಮಾಡಿ ತೋರಿಸಿದೆ. ಎಣ್ಣೆ ಸವರಿ ಒರೆಸಿದೆ. ಎಲ್ಲರೂ ನಕ್ಕರು. ಶರಣಪ್ಪನ ಮುಖವೂ ಅರಳಿತು. ಮನೆಯ ಹಿರಿಯಜ್ಜಿ ಮಾತ್ರ, "ಮೊದಲ ನೀವು ಬಳಿ ಇಡಿಸ್ಕೋರಿ. ಆಮ್ಯಾಗ ನಮ್ಮ ಸೊಸಿ ಇಡಿಸ್ಕೋತಾಳ," ಎಂದಳು.

ಕೈ ಚಾಚಿದೆ. ಅವನು ಗೆಣ್ಣು ಒತ್ತಿದ. ನನಗೇ ತಿಳಿಯದಂತೆ ಬೆಚ್ಚಿಬಿದ್ದು ಕೈ ಎಳೆದುಕೊಂಡೆ. ಬಳೆ ಒಡೆಯಿತು. ಹೆಂಗಸರು ನೋಡಿದರು. ಸೊಸೆ ಸದ್ದಿಲ್ಲದೆ ಒಳಗೆ ಹೋದಳು. ನಾಚಿಕೆಯಿಂದ ಸಾಯುವಂತಾಗಿ ಮತ್ತೆ ಕೈ ಚಾಚಿದೆ, ಶರಣಪ್ಪ ಹಿಡಿಯಲಿಲ್ಲ.

"ಬಣ್ಣ ಹಚ್ಚಿದವರು ನೀವೇ ಅಲ್ರಿ, ಅಕ್ಕಾರ," ಎಂದಷ್ಟೇ ಹೇಳಿ ಚೂರು ಆಯತೊಡಗಿದ.

ಅವನೀಗ ಬಳೆ ಮಾರುವುದಿಲ್ಲ. ಜೇವರ್ಗಿಯ ಗೋದಾಮೊಂದರಲ್ಲಿ ಕಾವಲಿಗಿದ್ದಾನೆ. ಮೂವತ್ತು ವರ್ಷದ ಕಸುಬು ನನಗೆ ಕಲಿಸಿದ್ದು ಇಷ್ಟೇ: ಚರ್ಮದ ಮೇಲಿನ ಬಣ್ಣ ತೆಗೆಯಲು ಬರುತ್ತದೆ, ಕಂಡವರ ಮನಸ್ಸಿನಿಂದ ತೆಗೆಯಲು ಬರುವುದಿಲ್ಲ. ನನ್ನ ಮನಸ್ಸಿನಿಂದಲೂ ಆಗಲಿಲ್ಲ.