ಆಸ್ಪರಿ ಸರೋಜಮ್ಮ ಮತ್ತು ಜರ್ಮನಿಯ ನಟ

ಮೊನ್ನೆ ಎಮ್ಮಿಗನೂರಿನಲ್ಲಿ ನೆಂಟರ ಮದುವೆ. ಮದುಮಗಳಿಗೆ ಬಣ್ಣ ಹಚ್ಚಲು ಕರ್ನೂಲಿನಿಂದ ಬಂದ ಹುಡುಗಿ ತನ್ನ ಪೆಟ್ಟಿಗೆ ತೆರೆದಳು. ಪೌಡರು, ಗ್ಲಿಸರಿನ್, ಬೆವರಲ್ಲಿ ನೆನೆದು ಒಣಗಿದ ಸ್ಪಂಜು, ಇವೆಲ್ಲ ಸೇರಿದ ಒಂದು ವಾಸನೆ ಇರುತ್ತದೆ ನೋಡಿ, ಅದು ಗಪ್ಪನೆ ಮೂಗಿಗೆ ಬಡಿಯಿತು. ಉಳಿದವರೆಲ್ಲ ಮದುಮಗಳನ್ನು ನೋಡುತ್ತಿದ್ದರೆ ನಾನು ಕಣ್ಣು ಮುಚ್ಚಿ ನಿಂತುಬಿಟ್ಟೆ. "ಚಿಗವ್ವಗ ತಲಿ ಸುತ್ತಾಕ ಹತ್ತೈತಿ, ಕುರ್ಚಿ ತರ್ರಿ," ಎಂದು ಯಾರೋ ಕೂಗಿದರು. ತಲೆ ಸುತ್ತಿರಲಿಲ್ಲ. ಸರೋಜಕ್ಕ ನೆನಪಾಗಿದ್ದಳು.

ನಾನು ಗಡಿಯ ಸಿರುಗುಪ್ಪದಿಂದ ಆಂಧ್ರದ ಆದೋನಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ನನಗೆ ತೆಲುಗು ಬರುತ್ತಿರಲಿಲ್ಲ. ಸಿರುಗುಪ್ಪದವಳಿಗೆ ತೆಲುಗು ಬಾರದು ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಅತ್ತೆಯೂ ನಂಬಲಿಲ್ಲ. ಕೊತ್ತಂಬರಿ ತರಲು ಕಳಿಸಿದರೆ ಮಾರುವವಳ ಮಾತು ತಿಳಿಯದೆ ಮೆಂತ್ಯ ತಂದವಳು ನಾನು. ಅಂಥ ದಿನಗಳಲ್ಲಿ ಊರಿನ ಕೇಬಲ್ ಚಾನೆಲ್ಲಿನಲ್ಲಿ ಒಬ್ಬ ಹೆಂಗಸು ದಿನಾ ಸಂಜೆ ಕಾಣಿಸಿಕೊಳ್ಳುತ್ತಿದ್ದಳು. ನೀಲಿ ಪರದೆ, ಪ್ಲಾಸ್ಟಿಕ್ ಹೂವಿನ ಕುಂಡ, ನಡುವೆ ಅವಳ ದುಂಡು ಮುಖ. ನಲ್ಲಿ ನೀರು ಯಾವ ಓಣಿಗೆ ಯಾವಾಗ ಬರುತ್ತದೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಯಾವ ಅಂಗಡಿಗೆ ಹೊಸ ಸೀರೆ ಬಂದಿದೆ, ಎಲ್ಲ ಹೇಳಿ, ಆಮೇಲೆ ಫೋನಿನಲ್ಲಿ ಜನ ಕೇಳಿದ ಹಾಡು ಹಾಕುತ್ತಿದ್ದಳು.

"ಚೆಪ್ಪಂಡಿ, ಎವರು ಮಾಟ್ಲಾಡೇದಿ?" ಎಂದು, ಯಾರು ಮಾತಾಡುವುದೆಂದು ತೆಲುಗಿನಲ್ಲಿ ಕೇಳುತ್ತ ಶುರು ಮಾಡುವಳು. ಆ ಕಡೆಯವರ ದನಿಯಲ್ಲಿ ಕನ್ನಡದ ಎಳೆ ಸಿಕ್ಕರೆ ಸಾಕು, "ಅಯ್ಯ, ನಮ್ಮವರೇನ್ರಿ! ಊಟ ಆತೇನ್ರಿ? ಏನು ಪಲ್ಯ?" ಎಂದುಬಿಡುವಳು. ಟಿವಿಯಲ್ಲಿ ಕೂತವಳು ಪಲ್ಯ ಯಾವುದೆಂದು ಕೇಳುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನನ್ನನ್ನೇ ಕೇಳಿದಂತಾಗಿ, ಅಡುಗೆಮನೆಯಿಂದಲೇ "ಬದನಿಕಾಯಿ" ಎಂದು ಒಮ್ಮೆ ಉತ್ತರ ಕೊಟ್ಟಿದ್ದೂ ಉಂಟು.

ಅವಳೇ ಒಂದು ದಿನ ನಮ್ಮ ಹಿತ್ತಲ ಕೋಣೆಗೆ ಬಾಡಿಗೆಗೆ ಬಂದಳು. ಕೈಯಲ್ಲೊಂದು ತಗಡಿನ ಟ್ರಂಕು, ಹೆಗಲಿಗೆ ಬಣ್ಣದ ಪೆಟ್ಟಿಗೆ. ಓಣಿಗೆ ಓಣಿಯೇ ಬಂದು ನಿಂತಿತು. ಚಾನೆಲ್ಲಿನ ಯಜಮಾನರು ಅವಳನ್ನು ಎಲ್ಲರಿಗೂ "ಸರೋಜಾ ಮೇಡಂ, ಬಳ್ಳಾರಿಯಲ್ಲಿ ಟೀಚರ್ ಆಗಿದ್ದರು" ಎಂದೇ ಪರಿಚಯಿಸಿದ್ದರು. ನಮ್ಮ ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೂ ನೋಡಿ, ಒಳಗೆ ಕರೆದು ಕಾಫಿ ಕೊಟ್ಟರು. ಮರುದಿನದಿಂದ ಆ ಕಾಫಿ ರೂಢಿಯೇ ಆಯಿತು.

ನನಗೆ ತೆಲುಗು ಕಲಿಸಿದವಳು ಸರೋಜಕ್ಕ. ಒಲೆಯ ಮುಂದೆ ಕೂತು, ನಾನು ರೊಟ್ಟಿ ಬಡಿಯುವಾಗ ಒಂದೊಂದು ಮಾತನ್ನೂ ಮೂರು ಬಗೆಯಲ್ಲಿ ಹೇಳಿ ತೋರಿಸುವಳು: ಸಿಟ್ಟಿನಲ್ಲಿ, ಅಳುವಿನಲ್ಲಿ, ಬೇಡುವಂತೆ. ಟೀಚರುಗಳು ಹೀಗೂ ಕಲಿಸುತ್ತಾರೆಯೇ ಎಂದು ನನಗೆ ಆಶ್ಚರ್ಯ. ಅವಳು "ಬಾ" ಎಂದರೆ ಹಿತ್ತಲಿನ ಬೆಕ್ಕು ಕೂಡ ಎದ್ದು ಬರುತ್ತಿತ್ತು. ನಾನು ಕರೆದರೆ ಬರುತ್ತಿರಲಿಲ್ಲ, ಆ ಮಾತು ಬೇರೆ.

ಹತ್ತಿ ಸುಗ್ಗಿಯ ಕಾಲದಲ್ಲಿ ಒಮ್ಮೆ ಜರ್ಮನಿಯ ಟಿವಿಯವರು ನಮ್ಮ ಮಾರ್ಕೆಟ್ ಯಾರ್ಡಿಗೆ ಬಂದರು. ಅಂಗಿಯ ಬಟ್ಟೆ ಎಲ್ಲಿಂದ ಹುಟ್ಟುತ್ತದೆ ಎಂದು ತಮ್ಮ ದೇಶದವರಿಗೆ ತೋರಿಸುವ ಕಾರ್ಯಕ್ರಮವಂತೆ. ಅವರ ನಿರೂಪಕ ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಮನುಷ್ಯ. ನರೆತ ಗಡ್ಡ, ಬಿಸಿಲಿಗೆ ಕೆಂಪಾದ ಮೂಗು. ಹತ್ತಿ ರಾಶಿಯ ಮೇಲೆ ಕೂತು ಮಾತಾಡಲು ಹೋಗಿ ಸೊಂಟದವರೆಗೆ ಹೂತುಹೋದನಂತೆ. ಹಮಾಲರು ಎಳೆದು ತೆಗೆದರಂತೆ. ಅವನ ಹೆಸರು ನಮ್ಮ ಬಾಯಲ್ಲಿ ನಿಲ್ಲಲಿಲ್ಲ. ಅತ್ತೆ "ಜರ್ಮನ್ ಸಾಬ" ಎಂದರು, ಊರಿಗೂ ಅದೇ ಹೆಸರಾಯಿತು.

ಕೇಬಲ್ ಯಜಮಾನರು ಇಂಥ ಅವಕಾಶ ಬಿಡುವವರಲ್ಲ. ಅವನನ್ನು ಸ್ಟುಡಿಯೋಗೆ ಕರೆದು, ಸರೋಜಕ್ಕನ ಜೊತೆ ನೇರ ಪ್ರಸಾರದಲ್ಲಿ ಕೂರಿಸುವುದೆಂದು ಗೊತ್ತಾಯಿತು. ಸರೋಜಕ್ಕ ನನ್ನ ಕೈ ಹಿಡಿದಳು. "ತಂಗಿ, ನೀನೂ ಬಾ. ಯಾಕೋ ಎದಿ ಡವಡವ ಅಂತೈತಿ."

ಸ್ಟುಡಿಯೋ ಎಂದರೆ ಸೈಕಲ್ ಅಂಗಡಿಯ ಮೇಲಿನ ಕೋಣೆ. ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿದ್ದರು. ಅವರಿಬ್ಬರ ನಡುವೆ ಹೈದರಾಬಾದಿನಿಂದ ಬಂದ, ಕನ್ನಡವೂ ಬಲ್ಲ ದುಭಾಷಿ ಹುಡುಗಿ. ನಮ್ಮ ಕ್ಯಾಮೆರಾದ ಪಕ್ಕದಲ್ಲಿ ಜರ್ಮನಿಯವರದೂ ಒಂದು, ಅವುಗಳ ಹಿಂದೆ ನಾನು, ಯಜಮಾನರು. ಅವರೇ ಬರೆದುಕೊಟ್ಟ ಪ್ರಶ್ನೆಗಳನ್ನು ಸರೋಜಕ್ಕ ಒಂದೊಂದಾಗಿ ಕೇಳಿದಳು. ನಮ್ಮ ಊರು ಹೇಗಿದೆ? ಚೆನ್ನಾಗಿದೆ. ಊಟ? ಖಾರ. ಪ್ರಶ್ನೆಗಳು ಮುಗಿದವು, ಹೊತ್ತು ಉಳಿಯಿತು.

ಆಗ ಅವಳು ತಾನಾಗಿಯೇ ಒಂದು ಪ್ರಶ್ನೆ ಕೇಳಿದಳು. "ನೀವು ಈ ಕೆಲಸಕ್ಕ ಬರೋದಕ್ಕಿಂತ ಮೊದಲ ಏನು ಮಾಡ್ತಿದ್ರಿ?"

ನಾಟಕ ಮಾಡುತ್ತಿದ್ದೆ ಎಂದ ಅವನು. ತಾಯಿ ಬಟ್ಟೆ ಹೊಲಿಯುತ್ತಿದ್ದಳು, ಊರು ಸಣ್ಣದು. ಅವನ ಮೊದಲ ಪಾತ್ರ ಒಂದು ಮರ. ಕೈ ಚಾಚಿ ನಿಲ್ಲುವುದಷ್ಟೇ ಕೆಲಸ. ನಡುವೆ ಜೋರಾಗಿ ಸೀನಿದ್ದಕ್ಕೆ ಎಲೆಗಳೆಲ್ಲ ಉದುರಿದವಂತೆ. ಆಮೇಲೆ ದೊಡ್ಡ ಪಾತ್ರಗಳು, ಟಿವಿ ಧಾರಾವಾಹಿಯೊಂದರಲ್ಲಿ ಪೊಲೀಸ್ ಅಧಿಕಾರಿ, ಕೊನೆಗೆ ಈ ನಿರೂಪಣೆ. "ಈಗಲೂ ನಮ್ಮೂರಿನ ಅಜ್ಜಿಯರು ರಸ್ತೆಯಲ್ಲಿ ನನ್ನನ್ನು ನಿಲ್ಲಿಸಿ ಪಕ್ಕದ ಮನೆಯವರ ಮೇಲೆ ದೂರು ಹೇಳುತ್ತಾರೆ," ಎಂದು ನಕ್ಕ. ಆಮೇಲೆ ಸಹಜವಾಗಿ ಕೇಳಿದ: "ನಿಮ್ಮದು? ಇಷ್ಟು ಚೆನ್ನಾಗಿ ಮಾತಾಡುವವರು ಎಲ್ಲಾದರೂ ರಂಗದ ಮೇಲೆ ನಿಂತಿರಲೇಬೇಕು."

ದುಭಾಷಿ ಹುಡುಗಿ ಅದನ್ನು ತೆಲುಗಿನಲ್ಲಿ ಹೇಳಿದಳು. ಯಜಮಾನರು ಬೇಡ ಬೇಡ ಎಂದು ಕೈ ಆಡಿಸುತ್ತಿದ್ದರು. ಸರೋಜಕ್ಕ ಅವರನ್ನು ನೋಡಲಿಲ್ಲ. ಹಣೆಯಿಂದ ಇಳಿದ ಬೆವರು ಪೌಡರಿನಲ್ಲಿ ಗೆರೆ ಎಳೆಯಿತು.

"ನಂದು ಸತ್ತ ಕೂಸಿನ ಪಾರ್ಟು," ಎಂದಳು, ಕನ್ನಡದಲ್ಲೇ. "ನಮ್ಮೂರು ಆಸ್ಪರಿಯಾಗ. ಹೆಣ ಆಗಿ ಮಲಗಿದ್ನಿ. ನಮ್ಮವ್ವನ ಪಾರ್ಟಿನಾಕಿ ನನ್ನ ಮುಂದ ಅಳಾಕ ಹತ್ತಿದ್ಲು. ಇರುವಿ ಕಡೀತ್ರಿ, ಎದ್ದು ಓಡಿಬಿಟ್ನಿ! ಹೆಣ ಓಡಿತು ಅಂತ ಜನ ಬಿದ್ದು ಬಿದ್ದು ನಕ್ಕರು." ಹುಡುಗಿ ತಿಳಿಸಿ ಹೇಳಿದಾಗ ಆ ಎತ್ತರದ ಮನುಷ್ಯ ಕುರ್ಚಿ ಕಿರುಗುಟ್ಟುವಂತೆ ನಕ್ಕ. ಸರೋಜಕ್ಕನೂ ನಕ್ಕಳು. ಆಮೇಲೆ ಕ್ಯಾಮೆರಾ ಕಡೆ ತಿರುಗಿದಳು. "ನಾನು ಟೀಚರ್ ಅಲ್ರಿ. ನಾಟಕದಾಕಿ. ಈ ಸುತ್ತಿನ ಹಳ್ಳ್ಯಾಗ ನಾನು ರಾಣಿ ಆಗಿ ನಿಂತಿದ್ದು ನೀವು ನೋಡೀರಿ. ಹೇಳಬೇಕಂತ ಬಾಳ ದಿನದಿಂದ ಇತ್ತು."

ನಮ್ಮ ಕಡೆಯ ಹಳ್ಳಿಗಳಲ್ಲಿ ಊರ ಗಂಡಸರು ನಾಟಕ ಆಡಿದರೆ ಹೆಣ್ಣಿನ ಪಾತ್ರಕ್ಕೆ ಹೊರಗಿನಿಂದ ಹೆಂಗಸೊಬ್ಬಳನ್ನು ಕರೆಸುತ್ತಿದ್ದರು. ರಂಗದ ಮೇಲೆ ಅವಳಿಗೆ ಶಿಳ್ಳೆ. ಬೆಳಗಾದರೆ ಅವಳಿಗೆ ನೀರು ಕೊಡಲೂ ಒಂದು ಮನೆ ಬಾಗಿಲು ತೆರೆಯುತ್ತಿರಲಿಲ್ಲ. "ನಾಟಕದಾಕಿ" ಎಂಬುದು ಆಗ ಬೈಗುಳವೇ.

ಮರುದಿನ ಯಜಮಾನರು "ಸ್ವಲ್ಪ ದಿನ ಬರಬ್ಯಾಡಮ್ಮ" ಎಂದು ಹೇಳಿ ಕಳಿಸಿದರು. ಜಾಹೀರಾತು ಕೊಡುವ ಅಂಗಡಿಯವರು ಬೇಸರಪಟ್ಟರಂತೆ. ಓಣಿಯಲ್ಲಿ ಹೆಪ್ಪು ಕೇಳಲು ಬರುತ್ತಿದ್ದ ಹೆಂಗಸರು ಅವಳನ್ನು ಕಂಡು ಸೆರಗು ಸರಿಮಾಡಿಕೊಂಡು ದಾಟಿದರು. ಸರೋಜಕ್ಕ ಟ್ರಂಕು ತುಂಬತೊಡಗಿದಳು. ಅಂದು ಸಂಜೆಯೇ ನನ್ನ ಗಂಡನ ಚಿಕ್ಕಪ್ಪ ಬಂದು, ಚಪ್ಪಲಿ ಬಿಡುವ ಮುಂಚೆಯೇ ತಮ್ಮ ಅತ್ತಿಗೆಯನ್ನು, ಅಂದರೆ ನಮ್ಮ ಅತ್ತೆಯನ್ನು, ಕೇಳಿದರು: "ಏನು ವದಿನಾ, ನಾಟಕದಾಕಿನ್ನ ಮನ್ಯಾಗ ಇಟ್ಕೊಂಡೀರಂತ?"

ಅತ್ತೆ ಕಡಲೆಕಾಯಿ ಸುಲಿಯುತ್ತಿದ್ದರು. ಸುಲಿಯುವುದು ನಿಲ್ಲಿಸಲಿಲ್ಲ. "ಮದ್ದಿಕೇರ್ಯಾಗ ಆಕಿ ರಾಣಿ ಪಾರ್ಟು ಮಾಡಿದಾಗ ಮುಂದಿನ ಸಾಲಿನ್ಯಾಗ ಕುಂತು ಅತ್ತವ ನೀನಾ ಅಲ್ಲೇನಪ್ಪಾ? ನಾನೂ ಅಲ್ಲೇ ಇದ್ನಿ. ಟ್ರಂಕು ಹಿಡ್ಕೊಂಡು ಬಾಗಿಲಾಗ ನಿಂತ ದಿನಾನ ಗುರ್ತು ಹಿಡದೀನಿ."

ಚಿಕ್ಕಪ್ಪ ಚಪ್ಪಲಿ ಬಿಡದೆಯೇ ತಿರುಗಿ ಹೋದರು. ನಾನು ಕೇಳಿಯೇಬಿಟ್ಟೆ. "ಮತ್ತ ಯಾರಿಗೂ ಹೇಳಲಿಲ್ಲಲ್ಲ ಅತ್ತಿ?"

"ಆಕಿ ಹೇಳಬೇಕಾದ ಮಾತು ನಾ ಯಾಕ ಹೇಳ್ಲಿ? ಹೋಗು, ಆಕಿಗೆ ಕಾಫಿ ಕೊಟ್ಟು ಬಾ. ಟ್ರಂಕು ಇಳಿಸು ಅಂತ ಹೇಳು."

ಕಾಫಿ ಲೋಟ ಹಿಡಿದು ಸರೋಜಕ್ಕ ಅಂದು ಅತ್ತ ಅಳು ಯಾವ ನಾಟಕದ್ದೂ ಆಗಿರಲಿಲ್ಲ. ಕಡಲೆಕಾಯಿ ಮೊರ ಬದಿಗಿಟ್ಟು ಅತ್ತೆಯೂ ಹಿತ್ತಲಿಗೆ ಬಂದರು. ಮದುವೆಯಾಗಿ ಬಂದಾಗಿನಿಂದ ಹೆದರುತ್ತಲೇ ಇದ್ದ ಆ ಮುಖವನ್ನು ಅಂದು ನಾನು ಮೊದಲ ಬಾರಿ ಸರಿಯಾಗಿ ನೋಡಿದೆ.

ಚಾನೆಲ್ಲಿಗೆ ಬೇರೆ ಹುಡುಗಿ ಬಂದಳು. ಚೆಂದದ ಹುಡುಗಿ, ಚೊಕ್ಕ ತೆಲುಗು. ಆದರೆ ಫೋನು ಮಾಡಿದವರು ಹಾಡು ಕೇಳುವುದು ಬಿಟ್ಟು "ಸರೋಜಮ್ಮ ಎಲ್ಲಿ ಅದಾಳ?" ಎನ್ನತೊಡಗಿದರು. ಆಸ್ಪರಿಯಿಂದ, ಮಾಧವರಂನಿಂದ, ಹತ್ತಿ ಬಿಡಿಸಿ ಬಂದ ಹೆಂಗಸರು ಎಸ್‌ಟಿಡಿ ಬೂತಿನಲ್ಲಿ ನಿಂತು ಕೇಳಿದರು. ಕೊನೆಗೆ ಯಜಮಾನರೇ ನಮ್ಮ ಮನೆಗೆ ಬಂದು ಮಂಚದ ತುದಿಯಲ್ಲಿ ಕೂತರು. ಸರೋಜಕ್ಕ ಒಂದೇ ಮಾತು ಕೇಳಿದಳು: ಪರದೆಯ ಮೇಲೆ "ಆಸ್ಪರಿ ಸರೋಜಮ್ಮ, ರಂಗನಟಿ" ಎಂದು ಬರಬೇಕು. ಬಂತು. ಒಡವೆ ಅಂಗಡಿಯ ಜಾಹೀರಾತು ಮಾತ್ರ ತಿರುಗಿ ಬರಲಿಲ್ಲ. ಜರ್ಮನ್ ಸಾಬನ ಕಾರ್ಯಕ್ರಮವನ್ನು ನಾವು ಯಾರೂ ನೋಡಲಿಲ್ಲ. ಅದರಲ್ಲಿ ಸರೋಜಕ್ಕನ ನಗು ಇದೆ ಎಂದು ದುಭಾಷಿ ಹುಡುಗಿ ಒಮ್ಮೆ ಫೋನು ಮಾಡಿ ಹೇಳಿದಳು. ತನ್ನ ನಗು ಅಷ್ಟು ದೂರ ಹೋಗಿದೆ ಎಂದು ಸರೋಜಕ್ಕ ಓಣಿಯವರಿಗೆಲ್ಲ ಹೇಳಿಕೊಂಡು ಬಂದಳು. ಹೇಳಿಸಿಕೊಂಡವರಲ್ಲಿ ಹೆಪ್ಪಿನ ಹೆಂಗಸರೂ ಇದ್ದರು.

ಕಾಲ ಸರಿದು ಮನೆಮನೆಯ ಟಿವಿಗೆ ಸೆಟ್‌ಟಾಪ್ ಡಬ್ಬಿ ಬಂದು, ನೂರಾರು ಚಾನೆಲ್ಲುಗಳ ನಡುವೆ ನಮ್ಮದು ಮುಚ್ಚಿತು. ಸರೋಜಕ್ಕ ಆಸ್ಪರಿಗೆ ಮರಳಿದಳು. ಅತ್ತೆ ತೀರಿಕೊಂಡಾಗ ಬಂದು ಹೋದವಳನ್ನು ನಾನು ಮತ್ತೆ ನೋಡಿರಲಿಲ್ಲ.

ಮದುವೆ ಮುಗಿದ ಮರುದಿನವೇ ಆಸ್ಪರಿಯ ಬಸ್ಸು ಹತ್ತಿದೆ. ಭಾನುವಾರದ ಮಧ್ಯಾಹ್ನ, ಶಾಲೆಯ ಅಂಗಳದಲ್ಲಿ ಹಾರ್ಮೋನಿಯಂ ಕೇಳಿಸುತ್ತಿತ್ತು. ಸರೋಜಕ್ಕ ಕಂಬಕ್ಕೆ ಒರಗಿ ಕೂತು ನಾಟಕ ಕಲಿಸುತ್ತಿದ್ದಳು. ಕೂದಲು ಹತ್ತಿಯಾಗಿದೆ, ದನಿ ಹಾಗೇ ಇದೆ. ಎದುರಿಗೆ ನಿಂತವರು ಅದೇ ಊರಿನ ಹೆಣ್ಣುಮಕ್ಕಳು, ಸೊಸೆಯಂದಿರು. ಅವರಲ್ಲೊಬ್ಬಳ ಕೂಸನ್ನು ಅವಳ ಮಾವನೇ ಎತ್ತಿಕೊಂಡು ಅಡ್ಡಾಡಿಸುತ್ತಿದ್ದ.

ನನ್ನನ್ನು ಕಂಡು ಸರೋಜಕ್ಕ ಎದ್ದು ಅಪ್ಪಿಕೊಳ್ಳುತ್ತಾಳೆ, ಇಬ್ಬರೂ ಅಳುತ್ತೇವೆ ಎಂದೆಲ್ಲ ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅವಳು ಕೂತಲ್ಲಿಂದಲೇ, "ಬಂದಿ? ಚಲೋ ಆತು. ತಾಯಿ ಪಾರ್ಟಿನಾಕಿ ಇವತ್ತ ಬಂದಿಲ್ಲ. ಆಕಿ ಜಾಗಾದಾಗ ನಿಂದ್ರು," ಎಂದಳು.

"ಅಯ್ಯ ಅಕ್ಕ, ನಂಗೆಲ್ಲಿ ಬರತೈತಿ?"

"ಮಗಳು ಎದುರಿಗೆ ಬರ್ತಾಳ. ಕರಿ. ಅಷ್ಟ."

ಕೈಚೀಲ ಕೆಳಗಿಟ್ಟು ನಿಂತೆ. ಅತ್ತ ಕಡೆಯಿಂದ ಒಬ್ಬ ಹುಡುಗಿ ತಲೆ ತಗ್ಗಿಸಿ ಬರುತ್ತಿದ್ದಳು. ನಾನು ಬಾಯಿ ತೆರೆದೆ. ಇಷ್ಟು ವರ್ಷ ನನ್ನೊಳಗೆ ಇದ್ದೀತೆಂದು ಗೊತ್ತೇ ಇರದಿದ್ದ ದನಿಯೊಂದು ಹೊರಬಂದು ಅಂಗಳ ದಾಟಿತು. ಹುಡುಗಿ ಬೆಚ್ಚಿ ತಲೆ ಎತ್ತಿದಳು.

ಸಂಜೆ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಕೇಳಿದಳು. "ಆಸ್ಪರಿಗೆ ಯಾಕ ಬಂದಿದ್ರಿ?"

"ನಾಟಕ ಐತ್ರಿ," ಎಂದೆ.

"ನೋಡಾಕ ಏನ್ರಿ?"

"ಅಲ್ರಿ. ಮಾಡಾಕ."