ಗೋಡೆಯ ಹಿಂದಿನ ಕ್ಷೌರದಂಗಡಿ

ಬೆಳಗ್ಗೆ ಬಾಗಿಲು ತೆರೆದ ಕ್ಷೌರಿಕ ಮೊದಲು ಖಾಲಿ ಕುರ್ಚಿಯನ್ನು ಒರೆಸುತ್ತಾನೆ. ಅಂಗಡಿಯೆದುರು ಕೈಗೆಟಕುವಷ್ಟು ಹತ್ತಿರದಲ್ಲೇ ಗೋಡೆ. ಅಂತರರಾಷ್ಟ್ರೀಯ ಕಾರ್ ರೇಸು ಬಂದಾಗ ಈ ಬಡಬೀದಿ ಟಿವಿಯಲ್ಲಿ ಕಾಣದಿರಲೆಂದು ಕಟ್ಟಿದ್ದು. ಅಂದಿನಿಂದ ಗಿರಾಕಿಗಳು ಇತ್ತ ತಲೆಹಾಕಿಲ್ಲ. "ರೇಸ್ ಮುಗೀತಲ್ಲ, ಇವತ್ತೋ ನಾಳೆನೋ ಒಡೀತಾರೆ. ಇಡೀ ಪ್ರಪಂಚ ನಮ್ಮ ದೇಶ ನೋಡ್ತು ಕಣೇ," ಎಂದು ಹೆಂಡತಿಯೆದುರು ಕೊಚ್ಚಿಕೊಳ್ಳುತ್ತಾನೆ. "ನೋಡಿದ್ದು ಗೋಡೇನ. ಹೋಗಿ ಆ ಗೋಡೆಗೇ ಗಡ್ಡ ಬೋಳಿಸ್ರಿ," ಎನ್ನುತ್ತಾಳೆ ಅವಳು. ಅವನು ನಗುತ್ತಾನೆ. ಕೈ ಕೆಲಸ ಮರೆತೀತೆಂದು ದಿನಕ್ಕೆರಡು ಸಲ ತನ್ನದೇ ಗಡ್ಡ ಕೆರೆದುಕೊಳ್ಳುತ್ತಾನೆ. ಕೆನ್ನೆ ತುಂಬ ಗಾಯ. ಇಂದು ಗೋಡೆಯಾಚೆ ಕೆಲಸಗಾರರ ಸದ್ದು ಕೇಳಿದ್ದೇ, ಕುರ್ಚಿಯನ್ನು ಬೀದಿಯತ್ತ ತಿರುಗಿಸಿಟ್ಟು, ಸುತ್ತುಬಳಸಿ ಹೋಗಿ ಅವರಿಗೆ ನೀರು ಕೊಟ್ಟ. ಕುಡಿದು ಚೊಂಬು ಹಿಂತಿರುಗಿಸಿದ ಅವರು ಮುಂದಿನ ರೇಸಿಗಾಗಿ ಗೋಡೆಗೆ ಬಣ್ಣ ಬಳಿಯತೊಡಗಿದರು.